ಕುದುರೆಯ ಬದಲು ತೊಟ್ಟಿಲು

"ಇವನಿಗೆ ನಾಲ್ಕೇ ವರ್ಷ" ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಕೇಳಿದವರು ಎದುರಿಗೇ ನಿಂತಿದ್ದರು. ಒಂದು ಸಲ ಅಲ್ಲ, ಮತ್ತೊಂದು ಸಲವೂ ಬೇರೆ ಮಾತಿನಲ್ಲಿ ಕೇಳಿದರು. ನನ್ನ ಬಾಯಿಂದ ಸುಳ್ಳೇ ಬಂತು. ಆಮೇಲೆ ನನ್ನ ತಮ್ಮ ಬಿದ್ದು ಕೈ ಮುರಿದುಕೊಂಡಾಗ, ಏನಾಯಿತು ಎಂದು ಅವ್ವ ಕೇಳಿದಳು. ಆಗಲೂ ನಿಜ ಹೇಳಲಿಲ್ಲ. ಮೊದಲಿನದು ಒಂದು ಗಳಿಗೆಯ ಆಸೆಯಿಂದ ಆದದ್ದು ಅನ್ನಬಹುದು. ಎರಡನೆಯದಕ್ಕೆ ಆ ನೆಪವೂ ಇಲ್ಲ. ಅದನ್ನು ನಾನು ವರ್ಷಗಟ್ಟಲೆ ಬಾಯೊಳಗೆ ಇಟ್ಟುಕೊಂಡೇ ಉಂಡೆ, ಮಲಗಿದೆ, ಮದುವೆಯಾಗಿ ಗಂಡನ ಮನೆಗೂ ಹೋದೆ.

ನಾನು ಮೂರನೇ ಇಯತ್ತೆಯವರೆಗೆ ಕಲಿತವಳು. ಬರೆಯುವುದು ನಿಧಾನ. ಹಾಗಾಗಿ ಆದದ್ದನ್ನು ಆದ ಹಾಗೆ ಒಂದರ ಹಿಂದೆ ಒಂದು ಬರೆಯುತ್ತೇನೆ.

ನಮ್ಮದು ಗುಡಗೇರಿ ಹತ್ತಿರದ ಹಳ್ಳಿ. ಎಪ್ಪತ್ತರ ದಶಕ ಶುರುವಾಗಿ ಸ್ವಲ್ಪ ದಿನ ಆಗಿತ್ತು. ಅಪ್ಪ ಚಕ್ಕಡಿ ಬಾಡಿಗೆ ಹೊಡೆಯುತ್ತಿದ್ದ. ಸುಗ್ಗಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಹೇರಿಕೊಂಡು ಟೇಶನ್ನಿಗೆ ಹೋಗುತ್ತಿದ್ದ. ಅವ್ವ ಕೂಲಿಗೆ ಹತ್ತಿ ಬಿಡಿಸುತ್ತಿದ್ದಳು, ವಾರಕ್ಕೊಮ್ಮೆ ಗುಡಗೇರಿ ಸಂತೆಗೆ ಬೆಣ್ಣೆ ಒಯ್ಯುತ್ತಿದ್ದಳು. ತಮ್ಮ ಹುಟ್ಟಿದ ಮೇಲೆ ಅವನನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಮೊದಮೊದಲು ಅವನನ್ನು ಕಂಕುಳಲ್ಲಿ ಹೊತ್ತುಕೊಂಡೇ ಸಾಲಿಗೆ ಹೋದೆ. ಅವನು ಅತ್ತರೆ ಸಾಲಿಯೆಲ್ಲ ಕೇಳುತ್ತಿತ್ತು. ಮಾಸ್ತರರು ಒಳ್ಳೆಯವರು, ಬಯ್ಯಲಿಲ್ಲ. "ಕೂಸು ದೊಡ್ಡದಾದ ಮ್ಯಾಲೆ ಬಾರವಾ" ಎಂದರು. ಕೂಸು ದೊಡ್ಡದಾಗುವ ಹೊತ್ತಿಗೆ ನನ್ನ ಜೊತೆಯವರು ಮುಂದೆ ಹೋಗಿದ್ದರು. ನಾನು ಹೋಗಲಿಲ್ಲ.

ಅವನ ಮೇಲೆ ನನಗೆ ಪ್ರೀತಿ ಇರಲಿಲ್ಲ ಅಂತಲ್ಲ. ಅವನ ಮೂಗು ಒರೆಸಿದವಳು, ಅವನಿಗೆ ಅನ್ನ ಕಲಸಿ ತಿನ್ನಿಸಿದವಳು ನಾನೇ. ಆದರೆ ನನ್ನ ಎಡ ಟೊಂಕ ಯಾವಾಗಲೂ ನೋಯುತ್ತಿತ್ತು. ನಾನು ಎಲ್ಲಿ ನಿಂತರೂ ಒಂದು ಬದಿಗೆ ವಾಲಿಕೊಂಡೇ ನಿಲ್ಲುತ್ತಿದ್ದೆ. ಅವನನ್ನು ಇಳಿಸಿ ಎರಡು ಹೆಜ್ಜೆ ಓಡಿದರೆ ಹಿಂದಿನಿಂದ "ಅಕ್ಕಾ" ಎಂಬ ಕೂಗು ಬರುತ್ತಿತ್ತು.

ಹತ್ತಿ ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಆಡುವ ದಿನಗಳಲ್ಲಿ ಗುಡಗೇರಿ ಟೇಶನ್ನಿನ ಹಿಂದಿನ ಬಯಲಿಗೆ ತೊಟ್ಟಿಲು ಬರುತ್ತಿತ್ತು. ನಾಲ್ಕು ಪೆಟ್ಟಿಗೆಗಳನ್ನು ಕಟ್ಟಿಗೆಯ ಗಾಲಿಗೆ ನೇತುಹಾಕಿ ಕೈಯಿಂದ ಮೇಲೆ ಕೆಳಗೆ ತಿರುಗಿಸುವ ಆಟ ಅದು. ಮೇಲೆ ಹೋದಾಗ ಮಾಳಿಗೆಗಿಂತ ಎತ್ತರ. ಅದರ ಬದಿಗೆ ಇನ್ನೊಂದು ಇತ್ತು, ಸಣ್ಣ ಮಕ್ಕಳದು. ನಡುವೆ ಒಂದು ಕಂಬ, ಸುತ್ತಲೂ ಕಟ್ಟಿಗೆಯ ಕುದುರೆಗಳು. ದೂಡಿದರೆ ನೆಲದ ಮಟ್ಟದಲ್ಲೇ ಸುಮ್ಮನೆ ಸುತ್ತು ಹಾಕುತ್ತಿದ್ದವು. ಸವಣೂರು ಕಡೆಯ ಗಂಡ ಹೆಂಡತಿ ಇಬ್ಬರು ಇವನ್ನು ನಡೆಸುತ್ತಿದ್ದರು. ಗಂಡ ತೊಟ್ಟಿಲು ತಿರುಗಿಸುತ್ತಿದ್ದ, ಹೆಂಡತಿ ಕುದುರೆ ದೂಡುತ್ತಿದ್ದಳು. ಅವನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

ಕಾಕಾನದು ಒಂದು ಕಟ್ಟಳೆ ಇತ್ತು. ಆಗ ನಮ್ಮ ಕಡೆ ಮಕ್ಕಳ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರುತ್ತಿರಲಿಲ್ಲ. ಸಾಲಿಗೆ ಹೆಸರು ಹಚ್ಚಲು ಹೋದರೆ ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಸಾಲಿಗೆ ಬರುವ ವಯಸ್ಸು ಆಯಿತು, ತಾಗದಿದ್ದರೆ ಇನ್ನೊಂದು ವರ್ಷ ಮನೆಯಲ್ಲಿ. ಕಾಕಾ ಅದನ್ನೇ ಹಿಡಿದಿದ್ದ. ಕಿವಿ ಮುಟ್ಟಿದವರು ತೊಟ್ಟಿಲಿಗೆ, ಮುಟ್ಟದವರು ಕುದುರೆಗೆ. ಎಂಥ ದೊಡ್ಡವರ ಮಗನಾದರೂ ಅಷ್ಟೆ.

ಇದರಿಂದ ನನಗೆ ತೊಟ್ಟಿಲು ಸಿಗುತ್ತಿರಲಿಲ್ಲ. ನಾನು ಹತ್ತಬೇಕೆಂದರೆ ತಮ್ಮನನ್ನು ಕೆಳಗೆ ಬಿಡಬೇಕು, ಯಾರ ಹತ್ತಿರ ಬಿಡುವುದು. ಹಿಂದಿನ ಸುಗ್ಗಿಯಲ್ಲಿ ಅವನ ಕುದುರೆಯ ಬದಿಗೆ ನಡೆಯುತ್ತ ನಡೆಯುತ್ತ ಮೇಲೆ ನೋಡುತ್ತಿದ್ದೆ. ನನ್ನ ಜೊತೆ ಸಾಲಿಯಲ್ಲಿ ಒಂದೇ ಪಾಟಿ ಹಂಚಿಕೊಂಡು ಬರೆಯುತ್ತಿದ್ದ ಗೆಳತಿ ಮೇಲಿನಿಂದ ಕೂಗಿದ್ದಳು.

"ನಿನಗ್ಯಾಕ ಬೇ ತೊಟ್ಟಲ? ನೀನ ಒಂದು ತೊಟ್ಟಲ ಆಗೀದಿ. ಕೂಸು ಹಾಕ್ಕೊಂಡ ತಿರಗತಿ."

ಪೆಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಆ ಮಾತು ವರ್ಷವಿಡೀ ನನ್ನ ಕಿವಿಯಲ್ಲಿ ಉಳಿಯಿತು.

ಮರುವರ್ಷ ತೊಟ್ಟಿಲು ಬಂದಿದೆ ಎಂದು ಅಪ್ಪ ಟೇಶನ್ನಿನಿಂದ ಸುದ್ದಿ ತಂದ. ಮಾರನೆಯ ದಿನದಿಂದಲೇ ನಾನು ತಮ್ಮನಿಗೆ ಕಿವಿ ಮುಟ್ಟುವುದನ್ನು ಕಲಿಸತೊಡಗಿದೆ. ಅವ್ವ ಹೊಲಕ್ಕೆ ಹೋದ ಮೇಲೆ, ದನ ಕಟ್ಟುವ ಜಾಗದಲ್ಲಿ. ಅವನ ಗಿಡ್ಡ ಕೈ ನೆತ್ತಿಯ ಮೇಲೆ ಬಂದು ಅಲ್ಲೇ ನಿಲ್ಲುತ್ತಿತ್ತು. ಕತ್ತನ್ನು ಬಲಕ್ಕೆ ವಾಲಿಸಿ ಭುಜ ಎತ್ತಿದರೆ ಬೆರಳು ಕಿವಿಯ ತುದಿಗೆ ತಾಗುತ್ತದೆ ಎಂದು ನಾನೇ ಹುಡುಕಿದೆ.

"ಮುಟ್ಟಿತೇನಕ್ಕಾ?"

"ಇನ್ನಷ್ಟ ವಾಲಸು."

"ಈಗ?"

"ಇನ್ನಷ್ಟ."

ಮುಟ್ಟಿದಾಗಲೊಮ್ಮೆ ಒಂದು ಚೂರು ಬೆಲ್ಲ ಕೊಡುತ್ತಿದ್ದೆ. ಅವನಿಗೆ ಇದೊಂದು ಆಟ. ಒಂದು ದಿನ ಎಲ್ಲರೂ ಉಣ್ಣಲು ಕೂತಾಗ "ಯವ್ವಾ, ನೋಡಿಲ್ಲೆ" ಎಂದು ಕತ್ತು ವಾಲಿಸಿ ಕಿವಿ ಮುಟ್ಟಿ ತೋರಿಸಿಬಿಟ್ಟ. ನನ್ನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು.

"ಯಾರ ಕಲಿಸ್ಯಾರಪಾ ಇದನ್ನ?" ಎಂದಳು ಅವ್ವ.

"ಅಕ್ಕ."

ಅಪ್ಪ ಅವನ ಕತ್ತನ್ನು ಹಿಡಿದು ನೆಟ್ಟಗೆ ಮಾಡಿದ. "ಕುತಿಗಿ ಸೊಟ್ಟ ಮಾಡಿ ಮಾಸ್ತರನ್ನ ಮೋಸಾ ಮಾಡಾಂವ ಏನ ಲೇ? ಈಗ ಮುಟ್ಟು ನೋಡೋಣು." ತಮ್ಮನ ಕೈ ಗಾಳಿಯಲ್ಲಿ ತಡಕಾಡಿತು. ಅಪ್ಪ ನಗುತ್ತ ಮತ್ತೆ ಊಟಕ್ಕೆ ತಿರುಗಿದ. ಅವನಿಗೆ ಸಾಲಿ ಬಿಟ್ಟು ಬೇರೆ ಏನೂ ಹೊಳೆಯಲಿಲ್ಲ. ನಾನು ತಲೆ ಬಗ್ಗಿಸಿ ಉಂಡೆ.

ಸಂತೆಯ ದಿನ ಅವ್ವ ಬೇವಿನ ಮರದ ನೆರಳಲ್ಲಿ ಬೆಣ್ಣೆಯ ಗಡಿಗೆಗೆ ಹಸಿ ಅರಿವೆ ಸುತ್ತಿ ಕೂತಳು. ಬೆಣ್ಣೆ ಖರ್ಚಾಗುವವರೆಗೆ ಅವಳು ಅಲ್ಲಿಂದ ಏಳುವ ಹಾಗಿರಲಿಲ್ಲ. ನನಗೆ ರೊಕ್ಕ ಕೊಟ್ಟು ಹೇಳಿದಳು.

"ಇಂವನ್ನ ಕುದುರಿ ಮ್ಯಾಲೆ ಕುಂದರ್ಸು. ಬಾಜುಕ ನಡಕೋತ ಟೊಂಕಾ ಹಿಡ್ಕೋ. ತೊಟ್ಟಲದ ಸನೇಕ ಒಯ್ಯಬ್ಯಾಡ. ಕೇಳ್ತೇನ?"

"ಕೇಳ್ತಬೇ."

ಬಯಲಿಗೆ ಬಂದ ಕೂಡಲೇ ತಮ್ಮ ನನ್ನ ಕೈ ಬಿಡಿಸಿಕೊಂಡು ಕುದುರೆಗಳ ಕಡೆ ಹೊರಟ. ಅವನಿಗೆ ಬೇಕಾಗಿದ್ದದ್ದು ಕುದುರೆಯೇ. ಇದನ್ನು ನಾನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅವನು ತೊಟ್ಟಿಲು ಬೇಕೆಂದು ಒಮ್ಮೆಯೂ ಕೇಳಲಿಲ್ಲ. ಕಾಕಾನ ಹೆಂಡತಿ ಅವನನ್ನು ನೋಡಿ ಒಂದು ಕುದುರೆಯನ್ನು ನಿಲ್ಲಿಸಿ, "ಬಾ ರಾಜಾ, ಇದರ ಮ್ಯಾಲೆ ಕುಂದ್ರು" ಎಂದಳು. ಅವನು ಕಾಲೆತ್ತಿದ್ದ. ನಾನು ರಟ್ಟೆ ಹಿಡಿದು ಎಳೆದೆ.

"ಕುದುರಿ ಆಮ್ಯಾಲೆ."

"ಅಕ್ಕಾ, ಕುದುರಿ."

"ಆಮ್ಯಾಲೆ ಅಂದೆ. ಕಿವಿ ಮುಟ್ಟಿ ತೋರಸು ಮೊದಲ. ಬೆಲ್ಲಾ ಕೊಡ್ತೀನಿ."

ತೊಟ್ಟಿಲ ಹತ್ತಿರ ಗೆಳತಿ ಆಗಲೇ ನಿಂತಿದ್ದಳು. ನನ್ನನ್ನು ನೋಡಿ ಹುಬ್ಬು ಏರಿಸಿದಳು. ನಾನು ಕಾಕಾನ ಮುಂದೆ ತಮ್ಮನನ್ನು ನಿಲ್ಲಿಸಿದೆ. ಕಾಕಾ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಕಿವಿ ಮುಟ್ಟು ಬೇಟಾ."

ತಮ್ಮ ಕತ್ತು ವಾಲಿಸಿ ಮುಟ್ಟಿದ. ಮುಟ್ಟಿ ನನ್ನ ಕಡೆ ನೋಡಿ ನಕ್ಕ. ಕಾಕಾನೂ ನಕ್ಕ.

"ಹಂಗಲ್ಲ. ನೆಟ್ಟಗ ನಿಂತ ಮುಟ್ಟು."

ತಮ್ಮ ನೆಟ್ಟಗೆ ನಿಂತ. ಕೈ ನೆತ್ತಿಯ ಮೇಲೆ ಬಂತು. ಬೆರಳುಗಳು ಕೂದಲಲ್ಲಿ ಕಿವಿಯನ್ನು ಹುಡುಕುತ್ತಿದ್ದವು. ನನ್ನ ಹಿಂದೆ ಜನ ನೂಕುತ್ತಿದ್ದರು. "ಹತ್ತಸೂ ಕಾಕಾ, ಹೊತ್ತಾತು" ಎಂದು ಯಾರೋ ಕೂಗಿದರು. ಕಾಕಾ ಆ ಕಡೆ ಒಮ್ಮೆ ನೋಡಿದ. ಅವನು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ತಮ್ಮನ ಕತ್ತು ಮತ್ತೆ ವಾಲಿತ್ತು, ಬೆರಳು ಕಿವಿಯ ಮೇಲಿತ್ತು.

"ಎಷ್ಟ ವರ್ಸವಾ ಇಂವಗ?"

ಇದು ಮೊದಲ ಸಲ ಕೇಳಿದ್ದು.

"ಆರ ತುಂಬ್ಯಾವ್ರಿ. ಸಣಕ ಅದಾನ ಅಷ್ಟ. ಸಾಲಿಗೆ ಹೆಸರ ಹಚ್ಚೀವ್ರಿ."

ಕುದುರೆ ದೂಡುತ್ತಿದ್ದ ಕಾಕಾನ ಹೆಂಡತಿ ಅಲ್ಲಿಂದಲೇ ಉರ್ದುವಿನಲ್ಲಿ ಏನೋ ಅಂದಳು. 'ಛೋಟಾ', ಸಣ್ಣಾಂವ, ಎಂಬುದಷ್ಟು ನನಗೆ ತಿಳಿಯಿತು. ಕಾಕಾ ಒಂದು ಗಳಿಗೆ ತಡೆದ. "ಅಕ್ಕನ ಜೊತಿಗೆ ಕುಂದರ್ತಾನ ಬಿಡು" ಎಂದು ಅವಳಿಗೆ ಕನ್ನಡದಲ್ಲೇ ಹೇಳಿ, ನಮ್ಮನ್ನು ಪೆಟ್ಟಿಗೆಯಲ್ಲಿ ಹತ್ತಿಸಿದ. ಒಂದು ಬದಿಗೆ ಗೆಳತಿ, ಒಂದು ಬದಿಗೆ ನಾನು, ನಡುವೆ ತಮ್ಮ. ಮುಂದೆ ಅಡ್ಡ ಸರಳು ಹಾಕಿದ. ತಮ್ಮ ಎರಡೂ ಕೈಯಿಂದ ನನ್ನ ಲಂಗ ಹಿಡಿದುಕೊಂಡ.

ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಕೈಯಿಂದ ತಿರುಗಿಸುವ ತೊಟ್ಟಿಲಿಗೆ ತೂಕ ಸರಿ ಇರಬೇಕು. ನಮ್ಮ ಪೆಟ್ಟಿಗೆಯಲ್ಲಿ ಮೂವರು, ಎದುರಿನ ಪೆಟ್ಟಿಗೆಯಲ್ಲಿ ಒಬ್ಬನೇ ಹುಡುಗ. ಕಾಕಾ ಗಾಲಿಯನ್ನು ಒಮ್ಮೆ ದೂಡಿ ನೋಡಿದ, ಅದು ನಮ್ಮ ಕಡೆಗೇ ಎಳೆಯಿತು. ಸರಳು ತೆಗೆದ.

"ಆರ ವರ್ಸದಾಂವ ಅಂದೆಲಾ. ಅತ್ತಾಗಿನ ಪೆಟಿಗ್ಯಾಗ ಕುಂದರ್ಸಲೇನವಾ? ಒಬ್ಬನ ಅಂಜಂಗಿಲ್ಲಲಾ?"

ಇದು ಎರಡನೆಯ ಸಲ. ತಮ್ಮ ನನ್ನ ಲಂಗವನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದ. ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಇಬ್ಬರೂ ಕೆಳಗೆ ಇಳಿಯಬೇಕು, ಮತ್ತೆ ಕುದುರೆಯ ಬದಿಗೆ ನಡೆಯಬೇಕು.

"ಅಂಜಂಗಿಲ್ರಿ" ಎಂದೆ.

ಅವನ ಬೆರಳುಗಳನ್ನು ಲಂಗದಿಂದ ಬಿಡಿಸಿದ್ದು ಕಾಕಾ ಅಲ್ಲ, ನಾನು.

ಎದುರಿನ ಪೆಟ್ಟಿಗೆ ಕೆಳಗೆ ಬರಬೇಕೆಂದರೆ ನಮ್ಮದು ಮೇಲೆ ಹೋಗಬೇಕು. ನಾನು ಏರುತ್ತಿದ್ದಂತೆ ತಮ್ಮ ನೆಲದ ಮೇಲೆ ನಿಂತು ನನ್ನ ಕಡೆ ಎರಡೂ ಕೈ ಚಾಚಿದ್ದ. ಅವನ ಮುಖ ಸಣ್ಣದಾಗುತ್ತ ಹೋಯಿತು. ತುದಿಗೆ ಮುಟ್ಟಿದಾಗ ಟೇಶನ್ನಿನ ಹೆಂಚು, ಹಳಿಯ ಉದ್ದ, ಹತ್ತಿ ಬಿಡಿಸಿದ ಎರೆ ಹೊಲಗಳು ಎಲ್ಲ ಕಂಡವು. ಗಾಳಿ ಬಂತು. ನನ್ನ ಟೊಂಕ ಹಗುರವಾಗಿತ್ತು. ನನಗೆ ಅಗದಿ ಸಂತೋಷವಾಯಿತು. ಕೆಳಗೆ ಅವನನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಾರೆ, ಅವನು ಕಾಲು ಝಾಡಿಸುತ್ತಿದ್ದಾನೆ ಎಂಬುದು ಕಾಣುತ್ತಿತ್ತು. ಕಂಡೂ ಸಂತೋಷವಾಯಿತು. ಇದನ್ನು ಬರೆಯಲು ನನಗೆ ಉಳಿದದ್ದೆಲ್ಲಕ್ಕಿಂತ ಕಷ್ಟ.

ತೊಟ್ಟಿಲು ತಿರುಗತೊಡಗಿತು. ನಾನು ಮೇಲಿದ್ದಾಗ ಅವನು ಕೆಳಗೆ, ನಾನು ಕೆಳಗೆ ಬಂದಾಗ ಅವನು ಮೇಲೆ. ಅವನ ಅಳು ಒಮ್ಮೆ ತಲೆಯ ಮೇಲಿಂದ ಬರುತ್ತಿತ್ತು, ಒಮ್ಮೆ ಕಾಲ ಕೆಳಗಿನಿಂದ. ಜೊತೆಗಿದ್ದ ಹುಡುಗ ಮೊದಲು ಅವನ ಅಂಗಿ ಹಿಡಿದುಕೊಂಡಿದ್ದ, ಆಮೇಲೆ ತನ್ನ ಆಟದಲ್ಲಿ ಮರೆತ. ಪ್ರತಿ ಸುತ್ತಿನಲ್ಲೂ ನಾನು ಕಾಕಾನ ಎದುರಿಗೇ ಹಾದು ಹೋಗುತ್ತಿದ್ದೆ. ನಿಲ್ಲಿಸ್ರಿ ಎಂಬ ಒಂದು ಮಾತು ಸಾಕಿತ್ತು.

"ನಿನ್ನ ತಮ್ಮ ಅಳಾಕತ್ತಾನ" ಎಂದಳು ಗೆಳತಿ.

"ಸುಮ್ನಾಗ್ತಾನ."

"ಎದ್ದ ನಿಂತಾನ ನೋಡು."

"ಕುಂದರ್ತಾನ ಬಿಡು."

ಆಟ ಮುಗಿದು ಮೊದಲು ನಮ್ಮ ಪೆಟ್ಟಿಗೆಯನ್ನೇ ಇಳಿಸಿದರು. ನಾನು ನೆಲಕ್ಕೆ ಕಾಲಿಟ್ಟೆ. ತಲೆ ತಿರುಗುತ್ತಿತ್ತು, ನಗು ಬರುತ್ತಿತ್ತು. ಗೆಳತಿಯ ಜಡೆ ಬಿಚ್ಚಿತ್ತು. ಅವಳು ನನಗೆ ಬೆನ್ನು ಕೊಟ್ಟು ನಿಂತಳು, ನಾನು ಅವಳ ರಿಬ್ಬನ್ ಕಟ್ಟತೊಡಗಿದೆ. ಅಷ್ಟರಲ್ಲಿ ಕಾಕಾ ಮುಂದಿನ ಪೆಟ್ಟಿಗೆಯವರನ್ನು ಇಳಿಸಲು ಗಾಲಿ ತಿರುಗಿಸಿದ್ದ. ತಮ್ಮನ ಪೆಟ್ಟಿಗೆ ಮೇಲಿನಿಂದ ಬದಿಗೆ ಬಂದು, ಆಳೆತ್ತರಕ್ಕಿಂತ ಮೇಲೆ ನಿಂತಿತ್ತು.

ನಮ್ಮ ಮನೆಯ ಮುಂದೆ ಒಂದು ಕಟ್ಟೆ ಇತ್ತು. ದಿನಾ ಮುಂಜಾನೆ ತಮ್ಮ ಅದರ ಮೇಲೆ ಹತ್ತಿ ನಿಂತು "ಅಕ್ಕಾ ಹಿಡಿ" ಎಂದು ನನ್ನ ಕಂಕುಳಿಗೆ ಹಾರುತ್ತಿದ್ದ. ನಾನು ಕೈ ಚಾಚಿದ್ದೇನೋ ಇಲ್ಲವೋ ಎಂದು ನೋಡುತ್ತಲೂ ಇರಲಿಲ್ಲ. ಹಾರುವುದು ಅವನ ಕೆಲಸ, ಹಿಡಿಯುವುದು ನನ್ನ ಕೆಲಸ. ಒಮ್ಮೆಯೂ ತಪ್ಪಿರಲಿಲ್ಲ.

ಆ ಹೊತ್ತು ಬಯಲಿನಲ್ಲಿ ನನಗೆ "ಅಕ್ಕಾ ಹಿಡಿ" ಎಂಬುದು ಕೇಳಿಸಿತು. ರಿಬ್ಬನ್ನಿನ ಗಂಟು ಅರ್ಧ ಆಗಿತ್ತು. ಅದನ್ನು ಎಳೆದು ಬಿಗಿ ಮಾಡಿ ತಿರುಗಿದೆ. ಅವನು ಆಗಲೇ ಸರಳಿನ ಕೆಳಗೆ ನುಸುಳಿ ಹಾರಿದ್ದ.

ಬಿದ್ದ ಸಪ್ಪಳಕ್ಕಿಂತ ಅವನು ಅಳದೆ ಇದ್ದದ್ದು ನನಗೆ ನೆನಪಿದೆ. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಬಲಗೈ ಮೊಣಕೈಯ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ಕಾಕಾ ಅವನನ್ನು ಎತ್ತಿಕೊಂಡು "ಯಾರ ಮಗಾ, ಇಂವ ಯಾರ ಮಗಾ" ಎನ್ನುತ್ತ ಓಡಿದ. ನಾನು ಅವನ ಹಿಂದೆ ಓಡಿದೆ.

ಅವ್ವ ಬೆಣ್ಣೆಯ ಗಡಿಗೆ ಬಿಟ್ಟು ಎದ್ದಳು. ಮಗನನ್ನು ಇಸಿದುಕೊಂಡು ಕಾಕಾನನ್ನು ಕೇಳಿದಳು. "ಇಷ್ಟ ಸಣ್ಣ ಕೂಸನ್ನ ಹೆಂಗ ಕುಂದರ್ಸಿದಿ? ನಿನಗ ಮಕ್ಕಳಿಲ್ಲೇನ?"

"ಕಿವಿ ಮುಟ್ಟಿದ್ನವಾ. ಅಲ್ಲಾನ ಆಣಿ, ಮುಟ್ಟಿದ. ಆರ ವರ್ಸ ಅಂತ ಈಕಿ ಹೇಳಿದ್ಲು."

"ಏನಾತ ಬೇ?" ಎಂದು ಅವ್ವ ನನ್ನ ಕಡೆ ತಿರುಗಿದಳು. ಸುತ್ತ ಜನ ಸೇರಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಾ ಹಂಗಂದಿಲ್ಲ" ಎಂದೆ. "ಅಂವನ ಹಟಾ ಮಾಡಿದ. ತೊಟ್ಟಲ ಬೇಕಂತ ಉರುಳಾಡಿದ. ಬ್ಯಾಡ ಬ್ಯಾಡಂದ್ರೂ ಅಂವನ ಹಾರಿದ."

ಆ ಗಾಬರಿಯಲ್ಲಿ ಅವ್ವನಿಗೆ ಉಣ್ಣುವಾಗಿನ ಕಿವಿಯಾಟ ನೆನಪಾಗಲಿಲ್ಲವೇನೋ, ಗೆಳತಿಯೂ ನಮ್ಮ ಹಿಂದೆ ಬಂದಿರಲಿಲ್ಲ. ಯಾರೋ ಕಾಕಾನ ಅಂಗಿಗೆ ಕೈ ಹಾಕಿದರು. ಇನ್ನೊಬ್ಬರು ತೊಟ್ಟಿಲ ಕಡೆ ಹೋಗಿ ಸರಳು ಕಿತ್ತು ಎಸೆದರು. ಕಾಕಾ ನನ್ನನ್ನು ಒಮ್ಮೆ ನೋಡಿದ, ಅಷ್ಟೆ. ಮುಂದಿನ ಸಂತೆಗೆ ಬಯಲು ಖಾಲಿ ಇತ್ತು. ಆ ಗಂಡ ಹೆಂಡತಿ ಮತ್ತೆಂದೂ ಗುಡಗೇರಿಗೆ ಬರಲಿಲ್ಲ. ಅವರನ್ನು ನಾನು ಎಲ್ಲೂ ಕಂಡಿಲ್ಲ. ಆ ಲೆಕ್ಕ ಹಾಗೆಯೇ ಉಳಿದಿದೆ.

ಎಲುಬು ಕೂಡಿಸುವವರು ಬಾಜು ಊರಿನಲ್ಲಿದ್ದರು. ಸೊಪ್ಪು ಅರೆದು ಹಚ್ಚಿ ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಕಟ್ಟು ಬಿಚ್ಚಿದಾಗ ಮೊಣಕೈ ಅರ್ಧ ಮಡಚಿದ ಹಾಗೆಯೇ ನಿಂತಿತ್ತು. ಎಣ್ಣೆ ತಿಕ್ಕಿದರು, ಶಾಖ ಕೊಟ್ಟರು. ಅದು ಪೂರಾ ನೆಟ್ಟಗೂ ಆಗಲಿಲ್ಲ, ಪೂರಾ ಮಡಚಲೂ ಬರಲಿಲ್ಲ.

ಕಟ್ಟು ಇದ್ದ ದಿನಗಳಲ್ಲೇ ಒಮ್ಮೆ ತಮ್ಮ ನನ್ನನ್ನು ಕೇಳಿದ. "ಅಕ್ಕಾ, ನಾ ಯಾಕ ಹಾರಿದೆ?"

ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು, ಅದನ್ನು ನನ್ನ ಹತ್ತಿರ ಗಟ್ಟಿ ಮಾಡಿಕೊಳ್ಳಲು ಬಂದಿದ್ದ.

"ನೀ ಹಟಮಾರಿ ಅದಿಯಲ್ಲ, ಅದಕ" ಎಂದೆ.

ಅವನು ತಲೆ ಅಲ್ಲಾಡಿಸಿದ. ಅಂದಿನಿಂದ ಅವನು ಹಾಗೆಯೇ ತಿಳಿದ. ಓಣಿಯಲ್ಲಿ ಅವನನ್ನು 'ಹಾರಾಂವ' ಎಂದು ಕರೆದರು. ಬೇರೆ ಹುಡುಗರು ಹತ್ತಿ ಅಂಡಿಗೆಯ ಮೇಲೆ ಕೂತು ಟೇಶನ್ನಿಗೆ ಹೋದರೆ ಅಪ್ಪ ಇವನನ್ನು ಹತ್ತಿಸುತ್ತಿರಲಿಲ್ಲ. "ನೀ ಕೆಳಗ ನಡಿ. ನಿನ್ನ ಭರೋಸಾ ಇಲ್ಲ." ಸಾಲಿಗೆ ಹೆಸರು ಹಚ್ಚಲು ಹೋದಾಗ ಮಾಸ್ತರರು ಕಿವಿ ಮುಟ್ಟಲು ಹೇಳಿದರು, ಬಲಗೈ ತಲೆಯ ಮೇಲೆ ಹೋಗಲೇ ಇಲ್ಲ. ಎಡಗೈಯಿಂದ ಮುಟ್ಟಿಸಿ ಹೆಸರು ಬರೆದುಕೊಂಡರು. ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲ ಹೊರಗೆ ನಿಂತಿದ್ದೆ. ಮಾಸ್ತರರು ಏನಾಯಿತೆಂದು ಕೇಳಿದರು. "ಸಣ್ಣಾಂವಿದ್ದಾಗ ಹಟಾ ಮಾಡಿ ತೊಟ್ಟಲದಾಗಿಂದ ಹಾರಿದ್ನಿರಿ" ಎಂದು ಅವನೇ ನಗುತ್ತ ಹೇಳಿದ.

ಅವನ ಸ್ವಭಾವ ಹಟದ್ದಲ್ಲ. ಅವನಷ್ಟು ಎಚ್ಚರದ ಹುಡುಗನನ್ನು ನಾನು ನೋಡಿಲ್ಲ. ಬಾವಿಯ ಹತ್ತಿರ ಹೋದರೆ ಎರಡು ಮಾರು ದೂರ ನಿಲ್ಲುತ್ತಿದ್ದ. ಆದರೆ ಮನೆಯಲ್ಲಿ ಏನು ಒಡೆದರೂ, ಯಾರು ಬಿದ್ದರೂ ಮೊದಲು ಅವನ ಮುಖ ನೋಡುತ್ತಿದ್ದರು. ಅವನೂ ತನ್ನ ಮೇಲೆಯೇ ಸಂಶಯ ಪಡುತ್ತಿದ್ದ. ನಾನು ಪ್ರತಿ ಸಲ ಇವತ್ತು ಹೇಳುತ್ತೇನೆ ಅಂದುಕೊಂಡೆ. ಅಪ್ಪ ಹೊಡೆಯುತ್ತಾನೆ ಎಂಬ ಹೆದರಿಕೆ ಮೊದಲಿಗೆ. ಆಮೇಲೆ ಮದುವೆಯ ಮಾತು ನಡೆದಿತ್ತು. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ.

ನನ್ನನ್ನು ಅಣ್ಣಿಗೇರಿ ಕಡೆ ಕೊಟ್ಟರು. ತಮ್ಮನ ನಂತರ ನಮಗೆ ಒಬ್ಬ ತಂಗಿ ಹುಟ್ಟಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವಳಿಗೂ ನಾಲ್ಕು ವರ್ಷವಾಗಿತ್ತು, ತಮ್ಮನಿಗೆ ಹನ್ನೊಂದು. ನಾನು ತವರಿಗೆ ಬಂದಿದ್ದೆ. ಸಂತೆಯ ದಿನ ಗುಡಗೇರಿಯ ಅದೇ ಬಯಲಿಗೆ ಬೇರೆ ಯಾರೋ ಕುದುರೆ ತಂದು ನಿಲ್ಲಿಸಿದ್ದರು. ತಂಗಿ ಮುಂಜಾನೆಯಿಂದ ಅದನ್ನೇ ಜಪಿಸುತ್ತಿದ್ದಳು.

ಅವ್ವ ಅವಳ ಕೈಯನ್ನು ನನ್ನ ಕೈಯಲ್ಲಿಟ್ಟಳು. "ನೀನ ಹಿಡ್ಕೊಂಡ ಹೋಗು. ಅಂವನ ಕೈಯಾಗ ಕೊಡಬ್ಯಾಡ. ಅಂವಗ ಗೊತ್ತಾಗಂಗಿಲ್ಲ."

ತಮ್ಮ ಬದಿಗೇ ನಿಂತಿದ್ದ. "ನಾ ದೂರ ನಿಂತ ನೋಡ್ತೀನಿ ಬಿಡಬೇ" ಎಂದ.

ಬಯಲಿನಲ್ಲಿ ಅವನು ನಿಜವಾಗಿಯೂ ದೂರ ನಿಂತ. ಅಲ್ಲಿಂದಲೇ ಕುದುರೆಗಳನ್ನು ನೋಡುತ್ತಿದ್ದ. ಒಂದು ಸುತ್ತು, ಎರಡು ಸುತ್ತು, ಇನ್ನೂ ನೋಡುತ್ತಿದ್ದ. ತಂಗಿ ಕುಣಿಯುತ್ತಿದ್ದಳು. ಕೊನೆಗೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ.

"ಹೊರಗಿನ ಸಾಲಿನ್ಯಾಗ ಕುಂದರ್ಸಬ್ಯಾಡಕ್ಕಾ, ಅವು ಜೋರ ಹೊಕ್ಕಾವು. ಒಳಗಿನ ಸಾಲಿನ್ಯಾಗ ಆ ಕೆಂಪಂದ ಐತಲಾ, ಅದಕ ಹಿಂದ ಆನಿಕಿ ಐತಿ, ಬೆನ್ನಿಗಿ ಆಧಾರ ಆಕ್ಕೈತಿ. ಆಕಿ ಕಾಲೂ ಪಟ್ಟಿಗಿ ಮುಟ್ಟತಾವು. ಮುಂದಿನ ಬಿಳೇದರ ಕಿವಿ ಮುರದೈತಿ, ಹಿಡಕೊಳ್ಳಾಕ ಬರಂಗಿಲ್ಲ."

ಆಮೇಲೆ ಕುದುರೆಯವನಿಗೆ, "ಒಮ್ಮಿ ಖಾಲಿ ತಿರುಗಸರಿ, ಆ ಕೆಂಪಂದು ಅಲ್ಲಾಡತೈತೇನ ನೋಡೂಣು" ಎಂದ.

"ಏನ ಲೇ, ನೀ ಕುದುರಿ ಖರೀದಿ ಮಾಡಾಕ ಬಂದೀ ಏನ?" ಎಂದು ಕುದುರೆಯವನು ನಕ್ಕ. ಆದರೂ ಒಂದು ಸುತ್ತು ತಿರುಗಿಸಿ ತೋರಿಸಿದ. ಕೆಂಪು ಕುದುರೆ ಅಲ್ಲಾಡಲಿಲ್ಲ. ನಾನು ತಂಗಿಯನ್ನು ಅದರ ಮೇಲೆ ಕೂಡಿಸಿದೆ. ಅವಳು ನನ್ನನ್ನು ಬಿಟ್ಟು ತಮ್ಮನ ಕಡೆ ಕೈ ಮಾಡಿದಳು.

"ಅಣ್ಣಾ, ನೀ ಹಿಡಿ."

ಅವನು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಿಟ್ಟ. ಮಡಚಿದ ಕೈಯನ್ನು ಬೆನ್ನ ಹಿಂದೆ ಒಯ್ದ.

"ಅಕ್ಕನ ಹಿಡೀತಾಳ. ಅಕ್ಕ ಚಲೋ ಹಿಡೀತಾಳ."

"ನೀ ಹಿಡಿಯೋ" ಎಂದೆ ನಾನು.

"ಬ್ಯಾಡಕ್ಕಾ. ಅವ್ವ ಅನ್ನೂದು ಖರೇ ಐತಿ. ನನಗ ಯಾವಾಗ ಹುಚ್ಚ ಹಟಾ ಬರ್ತೈತೊ ನನಗ ಗೊತ್ತಾಗಂಗಿಲ್ಲ. ನನ್ನ ಕೈ ನಾ ಮುರಕೊಂಡೆ, ಹೋಗ್ಲಿ. ಈಕಿದು ಮುರದರ?"

ಅವನು ಅದನ್ನು ದುಃಖದಿಂದ ಹೇಳಲಿಲ್ಲ. ನೀರು ತಣ್ಣಗಿದೆ ಎಂದು ಹೇಳುವ ಹಾಗೆ ಹೇಳಿದ. ಹನ್ನೊಂದು ವರ್ಷದ ಹುಡುಗ ತನ್ನ ತಂಗಿಯ ಟೊಂಕ ಹಿಡಿಯಲು ತನಗೆ ಯೋಗ್ಯತೆ ಇಲ್ಲ ಎಂದು ನಂಬಿದ್ದ. ನನ್ನ ಮಾತಿನಿಂದ ನಂಬಿದ್ದ.

ಕುದುರೆಯವನು "ಬಿಡಲೇನವಾ?" ಎಂದು ಕೇಳಿದ. ತಡೀರಿ ಎಂದೆ. ಅವ್ವನಿಗೂ ಅಪ್ಪನಿಗೂ ಆ ಸಂಜೆ ಹೇಳಿದೆ, ಅವರು ಅಂದದ್ದೆಲ್ಲ ಅನ್ನಿಸಿಕೊಂಡೆ. ಅದು ಆಮೇಲಿನದು. ಮೊದಲು ಅವನಿಗೆ ಹೇಳಬೇಕಾಗಿತ್ತು. ಅಲ್ಲೇ, ಕುದುರೆಯ ಕತ್ತನ್ನು ಹಿಡಿದುಕೊಂಡು, ಜನ ಕಾಯುತ್ತಿರುವಾಗಲೇ ಹೇಳಿದೆ.

"ನೀ ಹಟಾ ಮಾಡಿರಲಿಲ್ಲೋ. ನಿನಗ ಕುದುರೀನ ಬೇಕಾಗಿತ್ತು. ತೊಟ್ಟಲ ಬೇಕಾಗಿದ್ದು ನನಗ. ಕಿವಿ ಮುಟ್ಟೂದು ನಾನ ಕಲಿಸಿದೆ, ಆರ ವರ್ಸ ಅಂತ ನಾನ ಹೇಳಿದೆ."

ಅವನು ನನ್ನನ್ನು ನೋಡಿದ. "ಆದ್ರ ಹಾರಿದ್ದು ನಾನ ಅಲಾ?"

"ಹಾರಿದ್ದು ನೀನ. ಅಕ್ಕಾ ಹಿಡಿ ಅಂದಿದ್ದಿ. ದಿನಾ ಕಟ್ಟಿ ಮ್ಯಾಲಿಂದ ಹಾರಿದಾಂಗ ನಾ ಹಿಡೀತೀನಂತ ಹಾರಿದಿ. ನನಗ ಕೇಳಿಸಿತ್ತು. ನಾ ಬೇರೆ ಕಡೆ ತಿರುಗಿ ನಿಂತಿದ್ದೆ, ಹಿಡೀಲಿಲ್ಲ. ಹಿಡೀದ ಇದ್ದಾಕಿ ನಾನು, ಹೆಸರ ನಿನಗ ಬಂತು. ತಪ್ಪಾತೋ ತಮ್ಮಾ. ನಂದ ತಪ್ಪು, ನಿಂದೇನೂ ಇರಲಿಲ್ಲ. ನನಗ ಕ್ಷಮಾ ಮಾಡು."